ನೆರೆಹೊರೆಯ ಸಂಘವೂ ಸಮಿತಿಯ ಆಯ್ಕೆಯೂ

ವರ್ಷಕ್ಕೊಂದು ಸಲ ನಮ್ಮ ಮನೆಗಳ ಬಾಗಿಲಿಗೆ ಒಂದು ಕಾಗದ ಬರುವುದುಂಟು. ಬಡಾವಣೆಯ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ವಾರ್ಷಿಕ ಸಭೆಯು ಇಂಥ ದಿನ ಇಂಥ ಹೊತ್ತಿಗೆ ಸೇರುವುದೆಂದೂ, ಕಾರ್ಯಕಾರೀ ಸಮಿತಿಗೆ ಸದಸ್ಯರನ್ನು ಚುನಾಯಿಸುವುದಿದೆಯೆಂದೂ, ಎಲ್ಲರೂ ದಯಮಾಡಿಸಬೇಕೆಂದೂ ಅದರಲ್ಲಿ ಬರೆದಿರುತ್ತದೆ. ಗೃಹಸ್ಥನು ಅದನ್ನು ಓದುತ್ತಾನೆ. ಮಡಿಸಿ ಪಂಚಾಂಗದ ಸಂದಿಗೆ ಸೇರಿಸುತ್ತಾನೆ. ಆ ದಿನ ಬಂದಾಗ ಅವನಿಗೆ ನೆಂಟರ ಮನೆಯ ನಾಮಕರಣವೋ ತಲೆನೋವೋ ಒದಗಿಬರುತ್ತದೆ. ರಾಜ್ಯದ ಚುನಾವಣೆಯ ವಿಷಯವಾಗಿ ಜಗಲಿಯ ಮೇಲೆ ಗಂಟೆಗಟ್ಟಲೆ ವಾದಿಸುವ ನಾವು, ನಮ್ಮ ನಲ್ಲಿಯ ನೀರು, ಬೀದಿಯ ದೀಪ, ಮೋರಿಯ ಕಸ ಇವುಗಳನ್ನು ವಿಚಾರಿಸುವವರನ್ನು ಆರಿಸುವ ಹೊತ್ತಿಗೆ ಮನೆಯೊಳಗೆ ಅಡಗುವುದೇಕೆ?

‘ಕ್ಷೇಮ’ ಎಂಬ ಶಬ್ದವನ್ನು ಕಾಗದಗಳ ತಲೆಯಲ್ಲಿ ಬರೆದು ಬರೆದು ನಾವು ಸವೆಯಿಸಿದ್ದೇವೆ. ಇಲ್ಲದುದನ್ನು ಪಡೆಯುವುದು ಯೋಗವೆಂದೂ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮವೆಂದೂ ಹಿಂದಿನ ವ್ಯಾಖ್ಯಾನಕಾರರು ಅರ್ಥ ಹೇಳಿದರು. ಬಡಾವಣೆಗೆ ಒಂದು ಉದ್ಯಾನವನ್ನು ಪಡೆಯುವುದಕ್ಕೆ ಒಂದು ವರ್ಷದ ಉತ್ಸಾಹ ಸಾಕಾದೀತು. ಅದರ ಗಿಡಗಳು ಬಾಡದಂತೆ ನೋಡುವುದಕ್ಕೆ ಹತ್ತು ವರ್ಷಗಳ ತಾಳ್ಮೆ ಬೇಕು. ಸಂಘದ ಹೆಸರಿನಲ್ಲಿರುವ ಕೆಲಸವು ಈ ಎರಡನೆಯದೇ ಆಗಿದೆ.

ಪರರಿಗೆ ಬುದ್ಧಿ ಹೇಳುವ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಸಭೆಯು ದೇವಸ್ಥಾನದ ಅಂಗಳದಲ್ಲಿ ಸೇರಿತ್ತು. ನೂರಕ್ಕೆ ಮೇಲ್ಪಟ್ಟ ಮನೆಗಳಿಂದ ಬಂದವರು ಹತ್ತೊಂಬತ್ತು ಮಂದಿ. ಹೊಸ ಸಮಿತಿಗೆ ಯಾರು ನಿಲ್ಲುವಿರೆಂದು ಕೇಳಿದಾಗ ಎಲ್ಲರೂ ನೆಲವನ್ನು ನೋಡಿದರು. ಊಟದ ಹೊತ್ತು ಮೀರುತ್ತಿತ್ತು. ನಾವೇ ಎದ್ದು, “ಹಳೆಯ ಸಮಿತಿಯೇ ಮುಂದುವರಿಯಲಿ” ಎಂದೆವು. ಚಪ್ಪಾಳೆಯಾಯಿತು, ‘ಸರ್ವಾನುಮತ’ ಎಂದು ಬರೆದುಕೊಂಡರು. ಲೆಕ್ಕವನ್ನು ಯಾರೂ ಕೇಳಲಿಲ್ಲ. ಮರುವರ್ಷವೂ ಅದರ ಮರುವರ್ಷವೂ ಹಾಗೆಯೇ ನಡೆಯಿತು. ಆಮೇಲೆ ಒಂದು ಬೇಸಗೆಯಲ್ಲಿ ಕೊಳವೆಬಾವಿ ಬತ್ತಿತು. ಹೊಸದನ್ನು ಕೊರೆಯಿಸಲು ಕೂಡಿಟ್ಟ ಹಣವೆಲ್ಲಿ ಎಂದು ಕೇಳಿದರೆ, ಅರ್ಧಕ್ಕೆ ರಸೀದಿಯಿಲ್ಲ, ಉಳಿದರ್ಧಕ್ಕೆ ಪುಸ್ತಕವಿಲ್ಲ. ಕದ್ದರೆಂದು ಹೇಳಲು ಸಾಕ್ಷಿಯಿರಲಿಲ್ಲ. ಇದೆಯೆಂದು ತೋರಿಸಲು ಹಣವಿರಲಿಲ್ಲ. ಪಕ್ಕದ ಬೀದಿಯ ಒಬ್ಬ ತಾಯಿ, ಗಂಡನ ಪಿಂಚಣಿಯಲ್ಲಿ ತಿಂಗಳು ತಪ್ಪದೆ ವಂತಿಗೆ ಕೊಟ್ಟವರು, ಕೊಡವನ್ನು ಕೆಳಗಿಟ್ಟು, “ಮೇಷ್ಟ್ರೇ, ಅವರೇ ಇರಲಿ ಅಂದವರು ನೀವೇ ಅಲ್ಲವೆ?” ಎಂದು ಕೇಳಿದರು. ಮೂವತ್ತು ವರ್ಷ ಮಕ್ಕಳಿಂದ ಉತ್ತರ ಹೇಳಿಸಿದ ನಮ್ಮ ಬಾಯಿಯಿಂದ ಆ ದಿನ ಉತ್ತರ ಹೊರಡಲಿಲ್ಲ.

ಆ ಲಜ್ಜೆಯೇ ನಮ್ಮನ್ನು ಹಳೆಯ ಸಂಗತಿಗಳನ್ನು ಮತ್ತೆ ಓದುವಂತೆ ಮಾಡಿತು. ತಮಿಳುನಾಡಿನ ಕಾಂಚೀಪುರ ಜಿಲ್ಲೆಯ ಉತ್ತರಮೇರೂರಿನಲ್ಲಿ ಚೋಳರಾಜನಾದ ಒಂದನೆಯ ಪರಾಂತಕನ ಕಾಲದ ಎರಡು ಶಾಸನಗಳಿವೆ, ಕ್ರಿ. ಶ. ೯೧೯ ಮತ್ತು ೯೨೧ರ ಸುಮಾರಿನವು. ಊರಿನ ಮೂವತ್ತು ಕೇರಿಗಳಿಂದ ಕೆರೆ, ತೋಟ ಮೊದಲಾದವುಗಳ ವಾರಿಯಗಳಿಗೆ, ಎಂದರೆ ಸಮಿತಿಗಳಿಗೆ, ಸದಸ್ಯರನ್ನು ಆರಿಸುವ ಕ್ರಮವನ್ನು ಅಲ್ಲಿ ಕೆತ್ತಿದ್ದಾರೆ. ಈ ಕ್ರಮಕ್ಕೆ ‘ಕುಡವೋಲೈ’ ಎಂದು ಹೆಸರು. ನಮ್ಮ ಕೊಡವೂ ಓಲೆಯೂ ಕೂಡಿದ ಮಾತೇ ಅದು. ಯೋಗ್ಯರಾದವರ ಹೆಸರುಗಳನ್ನು ಓಲೆಗಳಲ್ಲಿ ಬರೆದು ಕೊಡಕ್ಕೆ ಹಾಕುವರು. ವೃದ್ಧ ಪುರೋಹಿತನು ಸಭೆಯೆಲ್ಲ ಕಾಣುವಂತೆ ಕೊಡವನ್ನು ಎತ್ತಿ ಹಿಡಿಯುವನು. ಒಳಗಿನದನ್ನರಿಯದ ಹುಡುಗನೊಬ್ಬನು ಓಲೆಯನ್ನು ತೆಗೆಯುವನು. ಅದನ್ನು ಪಡೆದುಕೊಳ್ಳುವವನು ಐದು ಬೆರಳುಗಳನ್ನೂ ಅಗಲಿಸಿ ಅಂಗೈಯಲ್ಲಿ ತೆಗೆದುಕೊಂಡು ಗಟ್ಟಿಯಾಗಿ ಓದಬೇಕು. ಬೆರಳ ಸಂದಿಯಲ್ಲಿ ಬೇರೊಂದು ಓಲೆ ಅಡಗಿರಬಾರದೆಂಬ ಎಚ್ಚರಿಕೆ ಇದರಲ್ಲಿ ಕಾಣುತ್ತದೆ!

ಅದಕ್ಕಿಂತ ಮುಖ್ಯವಾದುದು ಅನರ್ಹತೆಯ ನಿಯಮ. ಎರಡನೆಯ ಶಾಸನದ ಪ್ರಕಾರ ಅಭ್ಯರ್ಥಿಗೆ ೩೫ ವರ್ಷ ತುಂಬಿ ೭೦ ಮೀರಿರಬಾರದು. ಹಿಂದಿನ ಮೂರು ವರ್ಷಗಳಲ್ಲಿ ಸಮಿತಿಯಲ್ಲಿದ್ದವನು ಮತ್ತೆ ಬರಕೂಡದು. ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನಂತೂ ಬರಲೇಕೂಡದು, ಅವನ ಮಾವ, ಅಳಿಯ, ಭಾವಮೈದುನ ಮೊದಲಾದ ನಂಟರೂ ಬರಕೂಡದು. ಅವಧಿಯು ೩೬೦ ದಿನ. ಆ ವ್ಯವಸ್ಥೆಯೇನೂ ನಿರ್ದೋಷವಾಗಿರಲಿಲ್ಲ. ಅದು ವೇದವನ್ನೋದಿದ, ಭೂಮಿಯುಳ್ಳ ಬ್ರಾಹ್ಮಣ ಗಂಡಸರಿಗೆ ಮೀಸಲಾಗಿತ್ತು. ಹೆಂಗಸರಿಗೂ ಇತರರಿಗೂ ಅಲ್ಲಿ ಎಡೆಯಿರಲಿಲ್ಲ. ಆ ದೋಷವನ್ನು ನಾವು ಬಿಟ್ಟುದು ಸರಿಯೇ. ಅದರೊಡನೆ ಲೆಕ್ಕದ ನಿಯಮವನ್ನೂ ಬಿಟ್ಟುದು ಸರಿಯಲ್ಲ.

ಬೌದ್ಧರ ವಿನಯಗ್ರಂಥಗಳಲ್ಲಿಯೂ ಇಂಥದೊಂದು ವಿಧಿಯಿದೆ. ಸಂಘದಲ್ಲಿ ಭಿನ್ನಾಭಿಪ್ರಾಯ ಬಂದಾಗ ಭಿಕ್ಷುಗಳು ಶಲಾಕೆ, ಎಂದರೆ ಕಡ್ಡಿಗಳನ್ನು ತೆಗೆದುಕೊಂಡು ಮತವನ್ನು ತಿಳಿಸುತ್ತಿದ್ದರು. ಕಡ್ಡಿಗಳನ್ನು ಹಂಚುವವನಲ್ಲಿ ಪಕ್ಷಪಾತ, ದ್ವೇಷ, ಮೋಹ, ಭಯ ಈ ನಾಲ್ಕೂ ಇರಬಾರದೆಂದು ಕಟ್ಟಳೆ. ನಮ್ಮ ಸಂಘಗಳ ಚುನಾವಣಾಧಿಕಾರಿಗೆ ಇದಕ್ಕಿಂತ ಒಳ್ಳೆಯ ಯೋಗ್ಯತಾಪತ್ರ ಯಾವುದು?

ಈಗಿನ ಕಾನೂನೂ ಈ ವಿಷಯದಲ್ಲಿ ಮೂಕವಾಗಿಲ್ಲ. ೧೯೬೦ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಮೇರೆಗೆ ಏಳು ಮಂದಿ ಸೇರಿದರೆ ಸಂಘವನ್ನು ನೋಂದಾಯಿಸಬಹುದು. ಆದರೆ ವರ್ಷಕ್ಕೊಮ್ಮೆ ಸಾಮಾನ್ಯ ಸಭೆಯನ್ನು ಕೂಡಿಸಿ, ಆಡಳಿತ ಸಮಿತಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ರಿಜಿಸ್ಟ್ರಾರರಿಗೆ ಒಪ್ಪಿಸಬೇಕು. ಮಹಡಿಮನೆಗಳ ಒಡೆಯರಿಗಾಗಿ ೧೯೭೨ರಲ್ಲಿ ಆದ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯು, ಪ್ರತಿವರ್ಷವೂ ಸಮಿತಿಯಲ್ಲಿ ಮೂರರಲ್ಲಿ ಒಂದು ಪಾಲಿಗಾದರೂ ಅವಧಿ ತೀರಬೇಕೆಂದು ವಿಧಿಸಿತು. ಇದು ಜಾಣತನದ ಏರ್ಪಾಡು: ಅನುಭವವುಳ್ಳ ಇಬ್ಬರು ಉಳಿಯುವಾಗ ಹೊಸಬನೊಬ್ಬನು ಬಂದು ಪುಸ್ತಕವನ್ನು ತೆರೆದು ನೋಡುತ್ತಾನೆ.

ಗೃಹಸ್ಥರು ಮಾಡಬೇಕಾದುದು ಹೆಚ್ಚೇನಿಲ್ಲ. ಸಭೆಗೆ ಹೋಗುವ ಮೊದಲು ಸಂಘದ ಉಪವಿಧಿಗಳನ್ನು ಒಮ್ಮೆ ಓದಬೇಕು. ಆಯ್ಕೆಗೆ ಮೊದಲು ಲೆಕ್ಕವನ್ನು ಓದಿಸಬೇಕು, ಆಯ್ಕೆಯಾದ ಮೇಲಲ್ಲ. ಚುನಾವಣೆ ನಡೆಯಿಸುವವರು ತಾವು ಅಭ್ಯರ್ಥಿಗಳಾಗಿರಬಾರದು. ಕೈಯೆತ್ತುವ ಬದಲು ಚೀಟಿಯಲ್ಲಿ ಮತ ಕೊಡುವುದು ಮೇಲು. ಗೋಡೆಯಾಚೆಯ ನೆರೆಯವನ ಮುಖ ನೋಡುತ್ತ ಅವನಿಗೆ ವಿರೋಧವಾಗಿ ಕೈಯೆತ್ತುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಸೋತವರನ್ನು ಮರುದಿನವೇ ಕಾಫಿಗೆ ಕರೆಯಬೇಕು. ಮುಖ್ಯವಾಗಿ, ನೀರು ಯಾವ ಹೊತ್ತಿಗೆ ಬರುತ್ತದೆ, ಕಸದ ಗಾಡಿ ಯಾವ ದಿನ ತಪ್ಪುತ್ತದೆ ಎಂಬುದನ್ನು ಬಲ್ಲವರು ಮನೆಯ ಹೆಂಗಸರು; ಅವರನ್ನು ಸಮಿತಿಯಿಂದ ಹೊರಗಿಡುವುದು ಅವಿವೇಕ.

ನಮ್ಮ ಬಡಾವಣೆಯಲ್ಲಿ ಹೋದ ಹಣ ತಿರುಗಿ ಬರಲಿಲ್ಲ. ಆದರೆ ಅಂದು ಪ್ರಶ್ನೆ ಕೇಳಿದ ಆ ತಾಯಿಯನ್ನೇ ಮುಂದಿನ ಸಭೆಯು ಕೋಶಾಧ್ಯಕ್ಷರನ್ನಾಗಿ ಆರಿಸಿತು. ತಿಂಗಳ ಮೊದಲನೆಯ ತಾರೀಖು ಜಮಾಖರ್ಚಿನ ಹಾಳೆಯು ದೇವಸ್ಥಾನದ ಗೋಡೆಯ ಫಲಕದಲ್ಲಿ ಕಾಣುತ್ತದೆ. ಅದರ ಮೊತ್ತವನ್ನು ಕೂಡಿ ನೋಡಿ ರುಜು ಹಾಕುವ ಕೆಲಸ ನಮ್ಮದು. ಒಮ್ಮೆ ಕೂಡುವುದರಲ್ಲಿ ನಾವೇ ತಪ್ಪಿದೆವು. ಅವರು ಕೆಂಪು ಶಾಯಿಯಲ್ಲಿ ಗುರುತು ಹಾಕಿ ಹಿಂದಿರುಗಿಸಿದರು. ವಾಚಕಮಹಾಶಯರೇ, ಮುಂದಿನ ಸಲ ಆ ಕಾಗದವು ನಿಮ್ಮ ಬಾಗಿಲಿಗೆ ಬಂದಾಗ ಪಂಚಾಂಗದ ಸಂದಿಗೆ ಸೇರಿಸದೆ, ಊಟವನ್ನು ಸ್ವಲ್ಪ ತಡಮಾಡಿಯಾದರೂ ಸಭೆಗೆ ಹೋಗಿ ಕೊನೆಯವರೆಗೆ ಕುಳಿತುಬನ್ನಿರೆಂದು ನಮ್ಮ ಬಿನ್ನಹ.