ಮಡಚುವ ಚಾಕುವಿನ ಅಲಗು ಸಡಿಲವಾದರೆ ಏನು ಮಾಡಬೇಕು?



ಪಶು ಆಹಾರದ ಚೀಲದ ಹೊಲಿಗೆ ಬಿಚ್ಚಲು, ಮೇವಿನ ಕಟ್ಟು ಬಿಡಿಸಲು, ಹಳೆಯ ಹಗ್ಗ ತುಂಡರಿಸಲು ನಮ್ಮಲ್ಲಿ ಹಲವರು ಬಳಸುವುದು ಒಂದು ಸಣ್ಣ ಮಡಚುವ ಚಾಕು. ಕೊಟ್ಟಿಗೆಯ ಗೂಡಿನಲ್ಲೋ ಎಲೆ ಅಡಿಕೆ ಸಂಚಿಯಲ್ಲೋ ಅದು ಇರುತ್ತದೆ. ಹಸುವಿನ ಕೊರಳಿಗೆ ಹಗ್ಗ ಬಿಗಿದು ಸಿಕ್ಕಿಕೊಂಡರೆ ತಟ್ಟನೆ ಕೈಗೆ ಬೇಕಾಗುವುದೂ ಅದೇ. ಅಂಥ ಹೊತ್ತಿನಲ್ಲಿ ಅಲಗು ಅಲ್ಲಾಡಿ ಕೈಮೇಲೆ ಮಡಚಿಕೊಂಡರೆ ಬೆರಳಿಗೆ ಆಳವಾದ ಗಾಯವಾಗುತ್ತದೆ. ಬೆರಳಿಗೆ ಗಾಯವಾದರೆ ಬೆಳಗಿನ ಮತ್ತು ಸಂಜೆಯ ಎರಡೂ ಕರೆತ ಕಷ್ಟ. ಆದ್ದರಿಂದ ಸಡಿಲವಾದ ಚಾಕುವನ್ನು ಹಾಗೇ ಬಳಸಬೇಡಿ. ಅದರಲ್ಲಿ ಮನೆಯಲ್ಲೇ ಸರಿಮಾಡಬಹುದಾದ ದೋಷ ಯಾವುದು, ಮಾಡಬಾರದ್ದು ಯಾವುದು ಎಂದು ತಿಳಿಯೋಣ.

ಅಲಗು ಸಡಿಲವಾಗುವುದು ಏಕೆ?

ಇಂಥ ಸಾದಾ ಮಡಚುವ ಚಾಕುವಿನ ಅಲಗು ಸಾಮಾನ್ಯವಾಗಿ ಒಂದು ರಿವಿಟ್ ಮೊಳೆಯ ಮೇಲೆ ತಿರುಗುತ್ತದೆ. ಈ ಮೊಳೆ ಹಿಡಿಯ ಎರಡು ಪಟ್ಟಿಗಳನ್ನೂ ನಡುವಿನ ಅಲಗನ್ನೂ ತೂರಿಕೊಂಡು ಹೋಗಿರುತ್ತದೆ. ಅದರ ಎರಡೂ ತುದಿಗಳನ್ನು ಬಡಿದು ಅಗಲ ಮಾಡಿರುವುದರಿಂದ ಪಟ್ಟಿಗಳು ಒಟ್ಟಿಗೆ ನಿಲ್ಲುತ್ತವೆ. ಇದಕ್ಕೆ ತಿರುಪು ಇಲ್ಲ, ಹಾಗಾಗಿ ಸ್ಕ್ರೂಡ್ರೈವರ್‌ನಿಂದ ಬಿಗಿ ಮಾಡಲು ಬರುವುದಿಲ್ಲ. ಡಬ್ಬಿಯ ಮುಚ್ಚಳ ಮೀಟಲು, ಮೊಳೆ ಕೀಳಲು ಚಾಕುವನ್ನು ಬಳಸಿದರೆ ಪಟ್ಟಿಗಳು ಅಗಲುತ್ತವೆ. ನೀರು, ಗಂಜಲ ತಾಗಿ ತುಕ್ಕು ಹಿಡಿದರೆ ಮೊಳೆಯೂ ಅದರ ತೂತೂ ಸವೆಯುತ್ತವೆ.

ಮೊದಲು ತೊಳೆದು ಪರೀಕ್ಷಿಸಿ

ಬಿಸಿನೀರು, ಸೋಪು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೀಲಿನ ಸಂದಿಯನ್ನು ಚೆನ್ನಾಗಿ ಉಜ್ಜಿ. ಪೂರ್ತಿ ಒಣಗಿಸಿ. ಕೊಳೆ ಕೂತಿದ್ದಾಗ ಬಿಗಿಯಾಗಿ ಕಂಡ ಚಾಕು ತೊಳೆದ ಮೇಲೆ ಸಡಿಲವಾಗಿ ಕಾಣುವುದುಂಟು. ಈಗ ಅಲಗನ್ನು ಪೂರ್ತಿ ತೆರೆದು, ತುದಿ ನಿಮ್ಮಿಂದ ಆಚೆಗಿರುವಂತೆ ಹಿಡಿದು, ಹರಿತವಿಲ್ಲದ ಬೆನ್ನಿನ ಕಡೆಯಿಂದ ಅಲಗನ್ನು ಚಿಮುಟಿ ಅಲ್ಲಾಡಿಸಿ ನೋಡಿ.

• ಎಡಕ್ಕೂ ಬಲಕ್ಕೂ ಅಲ್ಲಾಡಿದರೆ ಪಟ್ಟಿಗಳು ಅಗಲಿವೆ ಎಂದರ್ಥ. ಇದನ್ನು ಮನೆಯಲ್ಲೇ ಸರಿಮಾಡಬಹುದು.
• ಮೇಲಕ್ಕೂ ಕೆಳಕ್ಕೂ ಅಲ್ಲಾಡಿದರೆ ಮೊಳೆಯ ತೂತು ಸವೆದು ಅಗಲವಾಗಿರಬಹುದು, ಇಲ್ಲವೇ ಹಿಂಬದಿಯ ಸ್ಪ್ರಿಂಗ್ ಸೋತಿರಬಹುದು. ಎಷ್ಟು ಬಡಿದರೂ ಇದು ಸರಿಯಾಗದು.
• ಮೊಳೆಯ ತಲೆ ಕಿತ್ತಿದ್ದರೆ, ಹಿಡಿ ಸೀಳಿದ್ದರೆ ಚಾಕುವನ್ನು ಬಳಸುವುದನ್ನು ಆಗಲೇ ನಿಲ್ಲಿಸಿ.

ಎರಡನೆಯ ಮತ್ತು ಮೂರನೆಯ ದೋಷವಿದ್ದರೆ ಕಮ್ಮಾರರ ಬಳಿ ಒಯ್ಯಿರಿ. ಅವರು ಹಳೆಯ ಮೊಳೆ ತೆಗೆದು ಹೊಸದು ಹಾಕಬಲ್ಲರು. ಅವರು ಆಗದೆಂದರೆ ಹೊಸ ಚಾಕು ಕೊಳ್ಳುವುದೇ ಲೇಸು.

ಬಿಗಿ ಮಾಡುವ ವಿಧಾನ

ಬೇಕಾಗುವುದು: ಒಂದು ಸಣ್ಣ ಸುತ್ತಿಗೆ, ಸಮತಟ್ಟಾದ ದಪ್ಪ ಕಬ್ಬಿಣದ ತುಂಡು, ಬಟ್ಟೆಯ ಪಟ್ಟಿ, ಹಳೆಯ ದಿನಪತ್ರಿಕೆ, ಹೊಲಿಗೆ ಯಂತ್ರದ ಎಣ್ಣೆ. ಕಣ್ಣಿಗೆ ಕನ್ನಡಕ ಇರಲಿ. ಕಲ್ಲಿನ ಮೇಲಿಟ್ಟು ಬಡಿಯಬೇಡಿ, ಚೂರು ಸಿಡಿಯುತ್ತದೆ.

1. ಅಲಗನ್ನು ಮಡಚಿ, ತೆರೆದುಕೊಳ್ಳದಂತೆ ಬಟ್ಟೆಯ ಪಟ್ಟಿ ಸುತ್ತಿ. ಮೊಳೆಯ ಎರಡೂ ತಲೆಗಳು ಕಾಣುತ್ತಿರಲಿ.
2. ಮೊಳೆಯ ಒಂದು ತಲೆ ಕಬ್ಬಿಣದ ಮೇಲೆ ನೆಟ್ಟಗೆ ಕೂರುವಂತೆ ಚಾಕುವನ್ನು ಇಡಿ.
3. ಮೇಲಿನ ತಲೆಯ ಅಂಚಿನ ಸುತ್ತ ಐದಾರು ಸಲ ಮೆಲ್ಲಗೆ ತಟ್ಟಿ. ಸುತ್ತಿಗೆಯ ಭಾರವೇ ಸಾಕು, ತೋಳಿನ ಬಲ ಬೇಡ.
4. ಪಟ್ಟಿ ಬಿಚ್ಚಿ, ತೆರೆದು ಅಲ್ಲಾಡಿಸಿ ನೋಡಿ. ಇನ್ನೂ ಸಡಿಲವಿದ್ದರೆ ಚಾಕುವನ್ನು ಮಗುಚಿ, ಇನ್ನೊಂದು ತಲೆಗೂ ಹೀಗೆಯೇ ಮಾಡಿ.
5. ಅಲುಗಾಟ ನಿಂತು, ಉಗುರಿನಿಂದ ಎಳೆದರೆ ಅಲಗು ತೆರೆಯುವಂತಿದ್ದರೆ ಅಲ್ಲಿಗೆ ನಿಲ್ಲಿಸಿ.
6. ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟು, ಹತ್ತು ಹದಿನೈದು ಸಲ ತೆರೆದು ಮುಚ್ಚಿ. ಹೆಚ್ಚಿನ ಎಣ್ಣೆ ಒರೆಸಿ.

ಒಮ್ಮೆಗೇ ಜೋರಾಗಿ ಬಡಿದರೆ ಅಲಗು ಕಚ್ಚಿಕೊಳ್ಳುತ್ತದೆ. ಹಾಗೆ ಕಚ್ಚಿದ್ದನ್ನು ಬಿಡಿಸುವುದು ಬಹಳ ಕಷ್ಟ. ಹಿತ್ತಾಳೆಯ ಮೊಳೆ ಮೆದು, ಅದಕ್ಕೆ ಇನ್ನೂ ಹಗುರವಾದ ಪೆಟ್ಟು ಸಾಕು. ಮರ, ಕೊಂಬು ಅಥವಾ ಪ್ಲಾಸ್ಟಿಕ್ ಹಿಡಿಯ ಮೇಲೆ ಪೆಟ್ಟು ಬಿದ್ದರೆ ಹಿಡಿ ಸೀಳುತ್ತದೆ. ಮೊಳೆಯ ತಲೆ ಹಿಡಿಯೊಳಗೆ ಮುಚ್ಚಿಹೋಗಿದ್ದರೆ ಈ ವಿಧಾನ ಬೇಡ.

ಈ ಕೆಲಸ ಕೊಟ್ಟಿಗೆಯಲ್ಲಿ ಬೇಡ

ಹಸು ಮೇವನ್ನು ಆರಿಸಿ ಅಗಿದು ತಿನ್ನುವುದಿಲ್ಲ, ಮೊದಲು ನುಂಗಿ ಆಮೇಲೆ ಮೆಲುಕು ಹಾಕುತ್ತದೆ. ಮೇವಿನಲ್ಲಿ ಮೊಳೆಯ ಚೂರು, ತಂತಿಯ ತುಂಡು ಇದ್ದರೂ ಅದಕ್ಕೆ ತಿಳಿಯದು. ಇಂಥ ಚೂರು ಎರಡನೆಯ ಹೊಟ್ಟೆಯಲ್ಲಿ ನಿಲ್ಲುತ್ತದೆ. ಅದು ಹೊಟ್ಟೆಯ ಗೋಡೆ ಚುಚ್ಚಿ ಮುಂದಿರುವ ಹೃದಯದ ಚೀಲವನ್ನು ತಲುಪಿದರೆ ರಾಸು ಉಳಿಯುವುದೇ ಕಷ್ಟ. ಆದ್ದರಿಂದ ಮೇವು, ಗೋದಲಿಯಿಂದ ದೂರ, ದಿನಪತ್ರಿಕೆ ಹಾಸಿ ಕೆಲಸ ಮಾಡಿ. ಮುಗಿದ ಮೇಲೆ ಹಳೆಯ ಸ್ಪೀಕರ್‌ನ ಅಯಸ್ಕಾಂತವಿದ್ದರೆ ನೆಲದ ಮೇಲೆ ಆಡಿಸಿ, ಕಬ್ಬಿಣದ ಚೂರಿದ್ದರೆ ಅಂಟಿಕೊಳ್ಳುತ್ತದೆ. ಹಿತ್ತಾಳೆಯ ಚೂರು ಅಯಸ್ಕಾಂತಕ್ಕೆ ಅಂಟದು, ಅದನ್ನು ಕಣ್ಣಿನಿಂದಲೇ ಹುಡುಕಬೇಕು. ಪತ್ರಿಕೆಯನ್ನು ತಿಪ್ಪೆಗೆ ಎಸೆಯದೆ, ಮಡಚಿ ಕಸದ ಡಬ್ಬಿಗೆ ಹಾಕಿ.

ನೆನಪಿಡಿ

• ಚಾಕು ಒದ್ದೆಯಾದರೆ ಒರೆಸಿ ಒಣಗಿಸಿದ ಮೇಲೆಯೇ ಮಡಚಿಡಿ. ಕೊಬ್ಬರಿ ಎಣ್ಣೆ ದಿನ ಕಳೆದಂತೆ ಅಂಟಾಗುತ್ತದೆ, ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆಯೇ ಸರಿ.
• ಕರುವಿನ ಹೊಕ್ಕುಳ ಬಳ್ಳಿಯನ್ನು ಈ ಚಾಕುವಿನಿಂದ ಕತ್ತರಿಸಬೇಡಿ. ಕೀಲಿನ ಸಂದಿಯ ಕೊಳೆಯಿಂದ ಸೋಂಕು ತಗಲುತ್ತದೆ. ಹೊಸ ಬ್ಲೇಡು ಬಳಸಿ, ಅಯೋಡಿನ್ ಟಿಂಚರ್ ಹಚ್ಚಿ.
• ಕೈ ಕೊಯ್ದುಕೊಂಡರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ಧನುರ್ವಾಯು ತಡೆಯುವ ಚುಚ್ಚುಮದ್ದು ಬೇಕೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ತೆರೆದ ಗಾಯದ ಕೈಯಿಂದ ಹಾಲು ಕರೆಯಬೇಡಿ, ಕೀವಿನ ಸೋಂಕು ಕೆಚ್ಚಲಿಗೂ ಹಾಲಿಗೂ ತಗಲಬಹುದು. ಗಾಯ ಮಾಯುವವರೆಗೆ ಮನೆಯ ಬೇರೆಯವರು ಕರೆಯಲಿ.

ತಿಂಗಳಿಗೊಮ್ಮೆ ಚಾಕು ಮಸೆಯುವಾಗ ಅಲಗನ್ನೂ ಒಮ್ಮೆ ಅಲ್ಲಾಡಿಸಿ ನೋಡಿ. ಮನೆಯಲ್ಲಿ ಮಡಚುವ ಈಳಿಗೆಮಣೆ ಇದ್ದರೆ ಅದರ ಕೀಲನ್ನೂ ಹೀಗೆಯೇ ಪರೀಕ್ಷಿಸಿ.