ಶಾರ್ಜಾ ಬಿನಾಲೆ

ಶಾರ್ಜಾ ಬಿನಾಲೆಯು ಸಂಯುಕ್ತ ಅರಬ್ ಸಂಸ್ಥಾನದ ಶಾರ್ಜಾದಲ್ಲಿ ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ ನಡೆಯುವ ಸಮಕಾಲೀನ ಕಲಾ ಪ್ರದರ್ಶನವಾಗಿದೆ. ೧೯೯೩ರಲ್ಲಿ ಆರಂಭವಾದ ಇದು ಅರಬ್ ಜಗತ್ತಿನ ಯುವ ಕಲಾವಿದರು ತಮ್ಮ ಕೃತಿಗಳನ್ನು ಅಂತರರಾಷ್ಟ್ರೀಯ ಪ್ರೇಕ್ಷಕರ ಮುಂದಿಡುವ ಪ್ರಮುಖ ವೇದಿಕೆಗಳಲ್ಲಿ ಒಂದು.

ಇತಿಹಾಸ

ಮೊದಲ ಪ್ರದರ್ಶನವನ್ನು ಶಾರ್ಜಾದ ಸಂಸ್ಕೃತಿ ಮತ್ತು ವಾರ್ತಾ ಇಲಾಖೆಯು ಏರ್ಪಡಿಸಿತ್ತು. ಆರಂಭದ ಆವೃತ್ತಿಗಳಲ್ಲಿ ಕಲಾವಿದರು ತಮ್ಮ ತಮ್ಮ ದೇಶಗಳ ಪ್ರತಿನಿಧಿಗಳಾಗಿ ಭಾಗವಹಿಸುತ್ತಿದ್ದರು. ಚಿತ್ರಕಲೆ ಮತ್ತು ಶಿಲ್ಪಗಳಿಗೆ ಪ್ರಾಧಾನ್ಯವಿತ್ತು. ೨೦೦೩ರ ಆರನೆಯ ಆವೃತ್ತಿಯಲ್ಲಿ ಹೂರ್ ಅಲ್ ಖಾಸಿಮಿ ಅವರು ಪೀಟರ್ ಲೂಯಿಸ್ ಅವರೊಂದಿಗೆ ಕ್ಯುರೇಟರ್ ಆಗಿ ಈ ಪದ್ಧತಿಯನ್ನು ಬದಲಾಯಿಸಿದರು. ಅಂದಿನಿಂದ ವಿಡಿಯೊ, ಛಾಯಾಚಿತ್ರ ಹಾಗೂ ಪ್ರತಿಷ್ಠಾಪನಾ ಕಲೆಗೆ ಹೆಚ್ಚಿನ ಅವಕಾಶ ದೊರೆಯಿತು. ೨೦೦೯ರಲ್ಲಿ ಶಾರ್ಜಾ ಆರ್ಟ್ ಫೌಂಡೇಶನ್ ಸ್ಥಾಪನೆಯಾಗಿ, ಬಿನಾಲೆಯ ಹೊಣೆಯನ್ನು ವಹಿಸಿಕೊಂಡಿತು.

ಹದಿನೈದನೆಯ ಆವೃತ್ತಿಯನ್ನು ನೈಜೀರಿಯಾ ಮೂಲದ ಕ್ಯುರೇಟರ್ ಓಕ್ವಿ ಎನ್ವೆಜೋರ್ ರೂಪಿಸಿದ್ದರು. ೨೦೧೯ರಲ್ಲಿ ಅವರು ನಿಧನರಾದ ನಂತರ ಹೂರ್ ಅಲ್ ಖಾಸಿಮಿ ಅವರು ಅದನ್ನು ಮುಂದುವರಿಸಿದರು. ಕೋವಿಡ್ ಕಾರಣದಿಂದ ಮುಂದೂಡಲ್ಪಟ್ಟು ೨೦೨೩ರಲ್ಲಿ ನಡೆದ ಈ ಪ್ರದರ್ಶನದಲ್ಲಿ ೧೫೦ಕ್ಕೂ ಹೆಚ್ಚು ಕಲಾವಿದರು ಭಾಗವಹಿಸಿದ್ದರು. ೨೦೨೫ರ ಹದಿನಾರನೆಯ ಆವೃತ್ತಿಯನ್ನು ಐವರು ಮಹಿಳಾ ಕ್ಯುರೇಟರ್‌ಗಳು ನಿರ್ವಹಿಸಿದರು.

ಪ್ರದರ್ಶನ ಸ್ಥಳಗಳು

ಪ್ರದರ್ಶನವು ಒಂದೇ ಕಟ್ಟಡಕ್ಕೆ ಸೀಮಿತವಾಗಿಲ್ಲ. ಹಳೆಯ ಪಟ್ಟಣದ ಅಂಗಳಗಳು, ಜೀರ್ಣೋದ್ಧಾರಗೊಂಡ ಮನೆಗಳು ಮತ್ತು ಅಲ್ ಮುರೈಜಾ ಚೌಕದ ಗ್ಯಾಲರಿಗಳಲ್ಲದೆ, ಪೂರ್ವ ಕರಾವಳಿಯ ಕಲ್ಬಾದಲ್ಲಿರುವ ಹಳೆಯ ಮಂಜುಗಡ್ಡೆ ಕಾರ್ಖಾನೆಯೂ ಪ್ರದರ್ಶನ ಸ್ಥಳವಾಗಿ ಬಳಕೆಯಾಗಿದೆ. ಪ್ರವೇಶ ಉಚಿತವಾಗಿರುತ್ತದೆ.

ಕಲಾವಿದರಿಗೆ ಬೆಂಬಲ

ಸಿದ್ಧ ಕೃತಿಗಳನ್ನು ಪ್ರದರ್ಶಿಸುವುದರ ಜೊತೆಗೆ, ಹೊಸ ಕೃತಿಗಳ ರಚನೆಗೆ ಹಣಕಾಸಿನ ನೆರವು ನೀಡುವುದು ಈ ಬಿನಾಲೆಯ ವೈಶಿಷ್ಟ್ಯ. ದೊಡ್ಡ ಪ್ರಮಾಣದ ಪ್ರತಿಷ್ಠಾಪನೆ ಅಥವಾ ಚಲನಚಿತ್ರವನ್ನು ಸ್ವಂತ ಖರ್ಚಿನಲ್ಲಿ ನಿರ್ಮಿಸಲಾಗದ ಕಲಾವಿದರಿಗೆ ಇದರಿಂದ ಅನುಕೂಲವಾಗುತ್ತದೆ. ೨೦೦೮ರಿಂದ ನಡೆಯುತ್ತಿರುವ 'ಮಾರ್ಚ್ ಮೀಟಿಂಗ್' ಎಂಬ ಸಮಾವೇಶವು ಕಲಾವಿದರು, ಕ್ಯುರೇಟರ್‌ಗಳು ಹಾಗೂ ಕಲಾಸಂಸ್ಥೆಗಳನ್ನು ಒಂದೆಡೆ ಸೇರಿಸುತ್ತದೆ. ೨೦೧೩ರಲ್ಲಿ ಬಿನಾಲೆಯ ಪ್ರಶಸ್ತಿ ಪಡೆದ ಈಜಿಪ್ಟಿನ ವಾಇಲ್ ಶೌಕಿ ಅವರು ಅಲೆಕ್ಸಾಂಡ್ರಿಯಾದಲ್ಲಿ ಯುವ ಕಲಾವಿದರಿಗಾಗಿ 'ಮಾಸ್ ಅಲೆಕ್ಸಾಂಡ್ರಿಯಾ' ಎಂಬ ಅಧ್ಯಯನ ಕೇಂದ್ರವನ್ನು ಸ್ಥಾಪಿಸಿದ್ದಾರೆ. ೨೦೨೪ರ ವೆನಿಸ್ ಬಿನಾಲೆಯಲ್ಲಿ ಅವರು ಈಜಿಪ್ಟನ್ನು ಪ್ರತಿನಿಧಿಸಿದರು.

ವಿವಾದ

೨೦೧೧ರ ಹತ್ತನೆಯ ಆವೃತ್ತಿಯು ಅರಬ್ ದೇಶಗಳಲ್ಲಿ ಜನಾಂದೋಲನಗಳು ನಡೆಯುತ್ತಿದ್ದ ಕಾಲದಲ್ಲಿ ಜರುಗಿತು. ಅಲ್ಜೀರಿಯಾದ ಲೇಖಕ ಮುಸ್ತಫಾ ಬೆನ್‌ಫೋದಿಲ್ ಅವರು ತೆರೆದ ಅಂಗಳದಲ್ಲಿರಿಸಿದ್ದ ಕೃತಿಯಲ್ಲಿನ ಬರಹಗಳು ಧಾರ್ಮಿಕ ಭಾವನೆಗೆ ಧಕ್ಕೆ ತರುತ್ತವೆ ಹಾಗೂ ಅಶ್ಲೀಲವಾಗಿವೆ ಎಂಬ ಆಕ್ಷೇಪದ ಮೇರೆಗೆ ಅದನ್ನು ತೆರವುಗೊಳಿಸಲಾಯಿತು. ಫೌಂಡೇಶನ್ನಿನ ಅಂದಿನ ನಿರ್ದೇಶಕ ಜಾಕ್ ಪರ್ಸೇಕಿಯನ್ ಅವರನ್ನು ಹುದ್ದೆಯಿಂದ ವಜಾಗೊಳಿಸಲಾಯಿತು. ಇದನ್ನು ಖಂಡಿಸಿ ಹಲವು ಕಲಾವಿದರು ಮನವಿಪತ್ರಕ್ಕೆ ಸಹಿ ಹಾಕಿದರು. ಆಳುವ ಮನೆತನದ ಆಶ್ರಯದಲ್ಲಿ ನಡೆಯುವ ಪ್ರದರ್ಶನದಲ್ಲಿ ಕಲಾವಿದರ ಅಭಿವ್ಯಕ್ತಿ ಸ್ವಾತಂತ್ರ್ಯದ ಮಿತಿ ಎಲ್ಲಿದೆ ಎಂಬ ಪ್ರಶ್ನೆ ಈ ಘಟನೆಯಿಂದ ಚರ್ಚೆಗೆ ಬಂತು.

ಭಾರತದೊಂದಿಗಿನ ಸಂಬಂಧ

ಭದ್ರಾವತಿಯಲ್ಲಿ ಜನಿಸಿ ಬೆಂಗಳೂರಿನಲ್ಲಿ ನೆಲೆಸಿರುವ ಕಲಾವಿದೆ ಶೀಲಾ ಗೌಡ ಅವರು ೨೦೦೯ರ ಬಿನಾಲೆಯಲ್ಲಿ ಭಾಗವಹಿಸಿದ್ದರು. ಅದೇ ವರ್ಷ ಮುಂಬಯಿಯ 'ಕ್ಯಾಂಪ್' ಕಲಾ ತಂಡವು, ಶಾರ್ಜಾದಿಂದ ಸೊಮಾಲಿಯಾಕ್ಕೆ ಸರಕು ಸಾಗಿಸುವ ಹಡಗುಗಳನ್ನು ಕುರಿತ ಕೃತಿಯನ್ನು ಪ್ರಸ್ತುತಪಡಿಸಿತ್ತು. ೨೦೨೫ರ ಆವೃತ್ತಿಯ ಕ್ಯುರೇಟರ್‌ಗಳಲ್ಲಿ ನತಾಶಾ ಗಿನ್ವಾಲಾ ಅವರೂ ಒಬ್ಬರು.