ಟ್ರಾಮಿಗೆ ದಾರಿ ಬಿಡುವುದು

ಮದರಾಸಿನಲ್ಲಿ 1953ರಲ್ಲಿಯೂ ಮುಂಬಯಿಯಲ್ಲಿ 1964ರಲ್ಲಿಯೂ ಟ್ರಾಮುಗಳ ಓಟವು ನಿಂತುಹೋಯಿತು. ಆದುದರಿಂದ ನಮ್ಮ ವಾಚಕರಲ್ಲಿ ಬಹುಮಂದಿಗೆ ಟ್ರಾಮಿನ ಗಂಟೆಯು ಹಿರಿಯರ ಬಾಯಲ್ಲಿ ಕೇಳಿದ ಸಂಗತಿಯಷ್ಟೆ. ಆದರೆ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಸುಮಾರು 250 ಕಿಲೋಮೀಟರು ಟ್ರಾಂ ದಾರಿಯು ಇಂದಿಗೂ ಬಳಕೆಯಲ್ಲಿದೆ. ನಮ್ಮ ನಾಡಿನ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ನೆಲೆಸಿ ಮೋಟಾರು ನಡೆಸುತ್ತಿರುವರು. ಆದಕಾರಣ ಅಲ್ಲಿ ಮೋಟಾರಿಗೂ ಟ್ರಾಮಿಗೂ ಢಿಕ್ಕಿಯಾಗುವುದೇಕೆಂದು ವಿಚಾರಿಸುವುದು ನಮಗೆ ಸಂಬಂಧಪಡದ ಮಾತೇನೂ ಅಲ್ಲ.

ಆ ನಗರದ ಕಂಬಿಗಳಲ್ಲಿ ಹೆಚ್ಚಿನವು ಇತರ ವಾಹನಗಳು ಓಡಾಡುವ ಬೀದಿಗಳಲ್ಲಿಯೇ ಹಾಸಲ್ಪಟ್ಟಿವೆ. ಕಂಬಿಯ ಮೇಲೆ ಹೋಗುವ ಟ್ರಾಮು ಎಡಕ್ಕಾಗಲಿ ಬಲಕ್ಕಾಗಲಿ ಸರಿಯಲಾರದು. ಅದರ ಗಾಲಿಯೂ ಉಕ್ಕು, ಕಂಬಿಯೂ ಉಕ್ಕು. ರಬ್ಬರು ಚಕ್ರಕ್ಕೆ ರಸ್ತೆಯಲ್ಲಿರುವ ಹಿಡಿತ ಅದಕ್ಕಿಲ್ಲ. ಮಳೆ ಬಿದ್ದರಂತೂ ಜಾರುವಿಕೆ ಹೆಚ್ಚು. ಇದಕ್ಕಾಗಿಯೇ ಬಿರಿ ಒತ್ತುವಾಗ ಕಂಬಿಯ ಮೇಲೆ ಮರಳನ್ನು ಉದುರಿಸುವ ಏರ್ಪಾಡುಂಟು. ಒಂದು ಟ್ರಾಮು 30 ಖಡ್ಗಮೃಗಗಳಷ್ಟು ತೂಗುವುದೆಂದು 2011ರಲ್ಲಿ ಅಲ್ಲಿ ಜನರಿಗೆ ಸಾರಲಾಯಿತು. ಅಂಥ ಭಾರವು ಥಟ್ಟನೆ ನಿಲ್ಲುವುದೆಂತು?

ಹಿಂದೆ ಬರುತ್ತಿರುವ ಟ್ರಾಮನ್ನು ನೋಡದೆ ಮೋಟಾರಿನವನು ಬಲಕ್ಕೆ ತಿರುಗಿ ಕಂಬಿಗೆ ಅಡ್ಡವಾಗುವುದು ಅಪಘಾತಕ್ಕೆ ಮುಖ್ಯವಾದ ಒಂದು ಕಾರಣ. ಇದನ್ನು ತಪ್ಪಿಸಲು ನಗರಮಧ್ಯದ ಅನೇಕ ಚೌಕಗಳಲ್ಲಿ ವಿಚಿತ್ರವಾದ ಒಂದು ಕಟ್ಟಳೆಯನ್ನು ಮಾಡಿರುವರು. ಬಲಕ್ಕೆ ಹೋಗಬೇಕಾದವನು ಮೊದಲು ಎಡ ಅಂಚನ್ನು ಹಿಡಿದು ಚೌಕದೊಳಕ್ಕೆ ಮುಂದುವರಿದು ಕಾದಿರಬೇಕು. ತಾನು ಸೇರಬೇಕಾದ ಬೀದಿಗೆ ಹಸುರು ದೀಪ ಬಂದಮೇಲೆ ತಿರುಗಬೇಕು. ಹೀಗೆ ಕಾಯುವಾಗ ಕಂಬಿಯು ತೆರವಾಗಿರುವುದು. ಹೊಸಬನಿಗೆ ಇದು ತಿರುಗುಮುರುಗಾಗಿ ತೋರಿದರೂ ಅದರ ಯುಕ್ತಿಯು ಅರಿತಮೇಲೆ ಮೆಚ್ಚುವಂಥದು. ಬೀದಿಯ ನಡುವೆ ಟ್ರಾಮು ನಿಂತು ಜನರು ಹತ್ತಿ ಇಳಿಯುತ್ತಿರುವಾಗ ಮೋಟಾರು ಅದರ ಹಿಂದೆಯೇ ನಿಲ್ಲತಕ್ಕದ್ದೆಂಬುದೂ ಅಲ್ಲಿಯ ನಿಯಮ.

ಮೋಟಾರಿಗೆ ತಗುಲದಿದ್ದ ಮಾತ್ರಕ್ಕೆ ಹಾನಿಯಾಗಲಿಲ್ಲವೆಂದು ತಿಳಿಯಬಾರದು. ಟ್ರಾಮಿನವನು ಗಾಬರಿಯಿಂದ ಬಿರಿ ಒತ್ತಿದರೆ ಒಳಗೆ ನಿಂತಿರುವ ಮುದುಕಿಯೋ, ಕಂಕುಳಲ್ಲಿ ಕೂಸನ್ನಿಟ್ಟುಕೊಂಡ ತಾಯಿಯೋ ಮುಗ್ಗರಿಸಿ ಬೀಳುವರು. ಬೀಳಿಸಿದವನು ಅದನ್ನು ಅರಿಯದೆಯೇ ತನ್ನ ದಾರಿ ಹಿಡಿದು ಹೋಗಿರುತ್ತಾನೆ.

ಸರಿಯಲಾರದವನಿಗೆ ಸರಿಯಬಲ್ಲವನು ದಾರಿ ಬಿಡಬೇಕು. ಇದು ಮನೆಯ ಅಂಗಳದಲ್ಲಿ ನಾವು ಮಕ್ಕಳಿಗೆ ಕಲಿಸುವ ಪಾಠವೇ. ದೂರದೇಶದಲ್ಲಿರುವ ಮಗನಿಗೋ ಮಗಳಿಗೋ ಕ್ಷೇಮಸಮಾಚಾರ ಬರೆಯುವಾಗ ವಾಚಕರು ಇದೊಂದು ಮಾತನ್ನೂ ಸೇರಿಸಿದರೆ ನಮ್ಮ ಈ ಬರಹವು ಸಾರ್ಥಕವಾಗುವುದು.